ಕಾಲಿಗೂ ಬಿ.ಪಿ. ನೋಡುತ್ತಾರಂತೆ

ನನಗೆ ಬಿ.ಪಿ. ಬಂದು ಹದಿನಾರು ವರ್ಷವಾಯಿತು. ಈ ಹದಿನಾರು ವರ್ಷದಲ್ಲಿ ನಾನು ಅದನ್ನು ಸಾಕಿಕೊಂಡು ಬಂದಷ್ಟು ಮುತುವರ್ಜಿಯಿಂದ ನನ್ನ ಅಪ್ಪ ನನ್ನನ್ನೂ ಸಾಕಿರಲಿಕ್ಕಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಕಾಫಿಗೆ ಮುಂಚೆ ಒಂದು ಸಲ ನೋಡಿಕೊಳ್ಳುತ್ತೇನೆ. ಸಂಜೆ ವಾಕಿಂಗ್‌ಗೆ ಹೊರಡುವ ಮುಂಚೆ ಇನ್ನೊಂದು ಸಲ. ಮನೆಗೆ ನೆಂಟರು ಬಂದು ಹೋದರೆ, ಬಂದವರು ಎಂಥವರು ಅನ್ನುವುದರ ಮೇಲೆ, ಮತ್ತೊಂದು ಸಲ. ವೈಯಾಲಿಕಾವಲ್‌ನಲ್ಲಿರುವ ಮಗಳು ತಂದುಕೊಟ್ಟ ಯಂತ್ರ ದೇವರ ಗೂಡಿನ ಪಕ್ಕದ ಗೂಡಿನಲ್ಲಿದೆ. ದೇವರ ಮುಂದೆ ಕೂರುವುದಕ್ಕಿಂತ ಅದರ ಮುಂದೆ ಕೂರುವ ಹೊತ್ತೇ ಹೆಚ್ಚು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯೊಂದರಲ್ಲಿ ಮೂವತ್ತೆಂಟು ವರ್ಷ ಕಾರ್ಡಿನ ಒಕ್ಕಣೆ ಬರೆಯುವುದು, ಪ್ರೂಫ್ ನೋಡುವುದು ನನ್ನ ಕೆಲಸವಾಗಿತ್ತು. ತೀರಿಹೋದ ಯಾರ ಹೆಸರಿನ ಹಿಂದೆ ‘ದಿವಂಗತ’ ಬಿಟ್ಟುಹೋಗಿದೆ, ಗುಂಡುಕಲ್ಲಿನ ಹಾಗಿರುವ ಯಾರ ಹೆಸರಿನ ಹಿಂದೆ ಅದು ಹೋಗಿ ಕೂತಿದೆ ಎಂದು ಹತ್ತಡಿ ದೂರದಿಂದಲೇ ಹೇಳುತ್ತಿದ್ದೆ. ನನ್ನ ಕಣ್ಣಿಗೆ ಬೀಳದ ತಪ್ಪು ಇನ್ನೂ ಹುಟ್ಟಿಲ್ಲ ಎಂದು ಅಂಗಡಿಯ ಯಜಮಾನರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಯಜಮಾನರು ವ್ಯಾಪಾರಕ್ಕೆ ಹೇಳಿದ ಮಾತನ್ನು ನಾನು ನಿಜವೆಂದು ನಂಬಿ ಮನೆಗೆ ತಂದೆ. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಆ ನಂಬಿಕೆ ಬಿಟ್ಟಿರಲಿಲ್ಲ.

ನನಗೆ ಬಿ.ಪಿ. ಬಂದ ಮೂರು ವರ್ಷಕ್ಕೆ ಹೆಂಡತಿಗೂ ಬಂತು. ನಿಜ ಹೇಳಬೇಕೆಂದರೆ ನಾನು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಮೊದಲು ಬಂದದ್ದು ನನ್ನದು, ಅವಳದು ನನ್ನದನ್ನು ನೋಡಿ ಬಂದದ್ದು ಎಂಬಂತೆ ನಡೆದುಕೊಂಡೆ. ನನ್ನ ಮಾತ್ರೆ ಬೆಳಿಗ್ಗೆ ಏಳೂವರೆಗೆ ತಟ್ಟೆಯ ಪಕ್ಕ ನೀರಿನ ಲೋಟದ ಜೊತೆ ಬಂದು ಕೂರುತ್ತಿತ್ತು. ತರುತ್ತಿದ್ದವಳು ಅವಳೇ. ಅವಳ ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೋಮವಾರ ಉಪವಾಸವಾದ್ದರಿಂದ ಖಾಲಿ ಹೊಟ್ಟೆಗೆ ಮಾತ್ರೆಯೂ ಬೇಡ ಎಂದು ಅವಳೇ ಒಂದು ನಿಯಮ ಮಾಡಿಕೊಂಡಿದ್ದಳು. ಆ ಯಂತ್ರದ ಪಟ್ಟಿಯನ್ನು ಅವಳ ತೋಳಿಗೆ ನಾನು ಎಂದಾದರೂ ಸುತ್ತಿದ್ದೆನೇ ಎಂದು ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಇನ್ನು ನಮ್ಮ ವಾಕಿಂಗ್ ವಿಷಯ ಹೇಳಬೇಕು. ದಿನಾ ಸಂಜೆ ಐದೂವರೆಗೆ ಚಾಮರಾಜಪೇಟೆಯ ಮನೆಯಿಂದ ಹೊರಟು, ಗಾಂಧಿ ಬಜಾರ್ ದಾಟಿ, ಬ್ಯೂಗಲ್ ರಾಕ್ ಪಾರ್ಕಿನ ತನಕ ಹೋಗಿ ವಾಪಸ್ಸು ಬರುವುದು. ನಾನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಇದನ್ನು ಯಾರೂ ಕೂತು ನಿರ್ಧರಿಸಿದ್ದಲ್ಲ. ನನ್ನ ಅಪ್ಪ ಹಾಗೇ ನಡೆದರು, ಅವರ ಅಪ್ಪನೂ ಹಾಗೇ ನಡೆದಿರಬೇಕು. ನಮ್ಮ ಪೇಟೆ ಕಡೆಯ ಗಂಡಸರು ಹೆಂಡತಿಯ ಜೊತೆ ಹೋಗುತ್ತಿದ್ದಾರೆ ಅನ್ನುವುದು ಗೊತ್ತಾಗುವುದೇ ಅವರು ಮುಂದೆ ಒಬ್ಬರೇ ನಡೆಯುವುದರಿಂದ. ಪಕ್ಕಪಕ್ಕ ನಡೆದರೆ ಏನೋ ಹೊಸದಾಗಿ ಮದುವೆಯಾದವರ ಹಾಗೆ ಕಾಣುತ್ತದೆ ಎಂಬ ನಾಚಿಕೆ. ಆದ್ದರಿಂದ ನಾನು ಕೈ ಬೀಸಿಕೊಂಡು ಸರಸರನೆ ನಡೆಯುವುದು, ಪ್ರತಿಯೊಂದು ತಿರುವಿನಲ್ಲೂ ನಿಂತು ಹಿಂದೆ ನೋಡುವುದು, ಅವಳು ಕಾಣದಿದ್ದರೆ ಗೊಣಗುವುದು. ಅದೇ ನನ್ನ ವ್ಯಾಯಾಮ.

ಅವಳೋ, ಹೆಜ್ಜೆಗೊಂದು ಕಡೆ ನಿಲ್ಲುವಳು. ನಮ್ಮ ರಸ್ತೆಯ ಕೊನೆಯ ಹೂವಿನವಳ ಹತ್ತಿರ ಒಂದು ಸಲ. ಗಣಪತಿ ಗುಡಿಯ ಮುಂದೆ ಚಪ್ಪಲಿ ಕಳಚದೆ ರಸ್ತೆಯಿಂದಲೇ ಕೈ ಮುಗಿಯುತ್ತಾ ಒಂದು ಸಲ, ಅದೂ ಗಣಪತಿಗೇ ಬೇಜಾರಾಗುವಷ್ಟು ಹೊತ್ತು. ಸೊಪ್ಪಿನ ಗಾಡಿ, ಬಳೆ ಅಂಗಡಿ, ಪೂಜಾ ಸಾಮಾನಿನ ಅಂಗಡಿ, ಎಲ್ಲ ಕಡೆ ಹಾಜರಿ ಹಾಕಬೇಕು. ಮನೆಗೆ ಬರುವಾಗ ಚೀಲದಲ್ಲಿ ಎರಡು ಕಟ್ಟು ಕೊತ್ತಂಬರಿ ಇರುತ್ತಿತ್ತು. ಫ್ರಿಜ್ಜಿನಲ್ಲಿ ಆಗಲೇ ಮೂರು ಕಟ್ಟು ಇರುತ್ತಿತ್ತು. ಊದಿನಕಡ್ಡಿಯಂತೂ ಒಂದು ಮಠಕ್ಕಾಗುವಷ್ಟು ಸೇರಿತ್ತು.

“ನೀನು ಬರೋಷ್ಟರಲ್ಲಿ ಕಾರ್ತೀಕ ಮುಗ್ದು ಶಿವರಾತ್ರಿ ಬರತ್ತೆ” ಎನ್ನುತ್ತಿದ್ದೆ ನಾನು.

“ಬಂದೆ ಬಂದೆ, ನೀವು ನಡೀರಿ” ಎನ್ನುತ್ತಿದ್ದಳು ಅವಳು.

ಬ್ಯೂಗಲ್ ರಾಕ್‌ನ ಕಲ್ಲುಬೆಂಚಿನಲ್ಲಿ ಕೂತು, ನನ್ನಂತೆಯೇ ಕೆಲಸ ಬಿಟ್ಟ ಗಂಡಸರ ಮುಂದೆ ಇದನ್ನೆಲ್ಲ ಹೇಳಿ ನಗೆಯಾಡುವುದು ನನಗೆ ರೂಢಿ. “ನಮ್ಮನೆಯವಳು ವಾಕಿಂಗ್ ಬರೋದಲ್ಲ ಗುರುಗಳೇ, ಗಾಂಧಿ ಬಜಾರ್ ಇನ್ಸ್‌ಪೆಕ್ಷನ್ ಮಾಡೋದು” ಎಂದರೆ ಎಲ್ಲರೂ ನಗುತ್ತಿದ್ದರು. ಒಂದೇ ಮಾತಿಗೆ ಎರಡು ವರ್ಷ ನಕ್ಕರು. ನಾನು ಎರಡು ವರ್ಷ ಹೇಳಿದೆ.

ಕಳೆದ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ನಮ್ಮ ಡಾಕ್ಟರ ಕ್ಲಿನಿಕ್ಕಿನ ಬಾಗಿಲಿಗೆ ಒಂದು ಪೋಸ್ಟರ್ ಅಂಟಿಸಿದ್ದರು. ರಕ್ತದೊತ್ತಡ ಇರುವವರಿಗೆ ಕಾಲಿನ ರಕ್ತನಾಳಗಳ ತಪಾಸಣೆ, ಭಾನುವಾರ ಬೆಳಿಗ್ಗೆ, ಎಂದು. ಬಿ.ಪಿ. ಬಹಳ ವರ್ಷ ಇದ್ದರೆ ಕಾಲಿಗೆ ರಕ್ತ ಹರಿಸುವ ನಾಳಗಳು ಒಳಗಿಂದ ಕಿರಿದಾಗಬಹುದಂತೆ. ನಡೆಯುವಾಗ ಮೀನಖಂಡದಲ್ಲಿ ಹಿಡಿದಂತಾಗಿ, ನಿಂತರೆ ಬಿಟ್ಟುಹೋಗುತ್ತದಂತೆ. ಪಾದ ತಣ್ಣಗಿರುತ್ತದಂತೆ, ಮೊಣಕಾಲ ಕೆಳಗೆ ಕೂದಲು ಉದುರುತ್ತದಂತೆ. ಕಾಲಿನ ಗಾಯ ಬೇಗ ಮಾಗುವುದಿಲ್ಲವಂತೆ. ಬಹಳ ಜನಕ್ಕೆ ಏನೂ ಅನ್ನಿಸುವುದೇ ಇಲ್ಲವಂತೆ. ಎರಡು ಅಕ್ಷರದ ತಪ್ಪು ಬಿಟ್ಟರೆ ಒಳ್ಳೆಯ ಪೋಸ್ಟರ್. ನಾನು ಅದನ್ನು ಮೂರು ಸಲ ಓದಿದೆ. ಮೊದಲನೆಯ ಸಲ ತಪ್ಪು ಹುಡುಕಲು, ಎರಡನೆಯ ಸಲ ವಿಷಯಕ್ಕೆ. ಮೂರನೆಯ ಸಲ ಓದಿ ಮುಗಿಸುವಷ್ಟರಲ್ಲಿ ರೋಗ ನನಗೆ ಬಂದಾಗಿತ್ತು.

ಮನೆಗೆ ಬಂದು ಪಂಚೆ ಎತ್ತಿ ಕಾಲು ನೋಡಿಕೊಂಡೆ. ಕೂದಲು ಕಡಿಮೆ ಇತ್ತು. ಮುಂಚೆ ಎಷ್ಟಿತ್ತು ಎಂದು ನಾನು ನೋಡಿದವನಲ್ಲ, ಆದರೂ ಕಡಿಮೆ ಇತ್ತು. ಪಾದ ಮುಟ್ಟಿದೆ, ತಣ್ಣಗಿತ್ತು. ಜನವರಿಯ ಬೆಳಿಗ್ಗೆ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ನಿಂತವನ ಪಾದ ಬೆಚ್ಚಗಿರಲು ಸಾಧ್ಯವೇ ಎಂದು ಕೇಳುವ ಬುದ್ಧಿ ಅವತ್ತು ಇರಲಿಲ್ಲ. ಹಿಂದಿನ ವಾರ ಸಂಕ್ರಾಂತಿಗೆ ನೆಂಟರ ಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂತು ಏಳುವಾಗ ಮೀನಖಂಡ ಹಿಡಿದುಕೊಂಡದ್ದೂ ನೆನಪಾಯಿತು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ರೋಗ ಎಲ್ಲ ಕಡೆ ಸರಿಯಾಗಿ ಕೂತಿತು.

“ಕಾಲಿಗೂ ಬಿ.ಪಿ. ನೋಡ್ತಾರಂತೆ ಕಣೇ” ಎಂದೆ ಹೆಂಡತಿಗೆ. “ನಂಗೆ ಇರೋ ಹಾಗಿದೆ. ಭಾನುವಾರ ಜೊತೆಗೆ ಬಾ. ಏನಾದ್ರೂ ಹೇಳಿದ್ರೆ ನನಗೊಬ್ಬನಿಗೆ ತಡ್ಕೊಳ್ಳಕ್ಕಾಗಲ್ಲ.”

“ನಿಮ್ಗೆ ಏನೂ ಇಲ್ಲ ಅಂದ್ರೇನೇ ತಡ್ಕೊಳ್ಳಕ್ಕಾಗಲ್ಲ” ಎಂದಳು.

ಭಾನುವಾರ ನನ್ನ ಹದಿನಾರು ವರ್ಷದ ರಿಪೋರ್ಟುಗಳ ಫೈಲನ್ನು ಅವಳ ಕೈಗೆ ಕೊಟ್ಟು ಹೊರಟೆ. ಕ್ಲಿನಿಕ್ಕು ನಮ್ಮ ಮನೆಯಿಂದ ಮೂರು ಕ್ರಾಸು. ನಾನು ಹೋಗಿ ಹೆಸರು ಬರೆಸಿ, ಕೂತು, ಕೊಠಡಿಯ ಫ್ಯಾನಿನ ರೆಕ್ಕೆ ಎಣಿಸಿ ಮುಗಿಸಿದ ಮೇಲೆ ಅವಳು ಬಂದಳು. ಕೈಯಲ್ಲಿ ಫೈಲಿನ ಜೊತೆ ಒಂದು ಕಟ್ಟು ಕೊತ್ತಂಬರಿ ಇತ್ತು. ಆಸ್ಪತ್ರೆಗೆ ಬರುವಾಗಲೂ ಕೊತ್ತಂಬರಿ ಬೇಕಾ ಎಂದು ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ.

ತಪಾಸಣೆ ಮಾಡುತ್ತಿದ್ದವರು ನಲವತ್ತು ದಾಟಿದ ಒಬ್ಬ ಹೆಂಗಸು, ಬಹಳ ಮಾತಿನವರಲ್ಲ. “ಸಾರ್, ಮಲ್ಕೊಳ್ಳಿ. ಹತ್ತು ನಿಮಿಷ ಸುಮ್ನಿರ್ಬೇಕು, ಮಾತಾಡ್ಬಾರ್ದು” ಎಂದರು. ನನ್ನ ಹೆಂಡತಿ ಕುರ್ಚಿಯಲ್ಲಿ ಕೂತು ಮುಸಿಮುಸಿ ನಕ್ಕಳು. ಹತ್ತು ನಿಮಿಷವಾದ ಮೇಲೆ ಎರಡು ತೋಳಿಗೂ ಪಟ್ಟಿ ಸುತ್ತಿ ಒತ್ತಡ ನೋಡಿದರು. ಆಮೇಲೆ ಅದೇ ರೀತಿ ಎರಡು ಕಣಕಾಲಿಗೂ ಸುತ್ತಿದರು. ಪಾದದ ಮೇಲೆ ತಣ್ಣನೆಯ ಅಂಟು ಹಚ್ಚಿ, ಪೆನ್ನಿನಂಥ ಒಂದು ಸಾಧನವನ್ನು ಅದರ ಮೇಲಿಟ್ಟರು. ತಕ್ಷಣ ಯಂತ್ರದಿಂದ ನನ್ನ ನಾಡಿ ಗಟ್ಟಿಯಾಗಿ ಕೇಳಿಸಿತು, ಕಲ್ಲಿನ ಮೇಲೆ ಬಟ್ಟೆ ಒಗೆದಂತೆ ಟಪ್ ಟಪ್ ಎಂದು. ನನ್ನ ಕಾಲಿನಲ್ಲಿ ಇಷ್ಟೊಂದು ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಎರಡೂ ಸಮವಿದ್ದರೆ ಒಂದು ಬರುತ್ತದೆ. ಸೊನ್ನೆ ಪಾಯಿಂಟ್ ಒಂಬತ್ತಕ್ಕಿಂತ ಕೆಳಗಿಳಿದರೆ ಕಾಲಿಗೆ ಹೋಗುವ ದಾರಿ ಎಲ್ಲೋ ಕಿರಿದಾಗಿದೆ ಎಂದು ಅರ್ಥ. ಆಕೆ ಲೆಕ್ಕ ಹಾಕಿ, “ಒಂದು ಪಾಯಿಂಟ್ ಒಂದು ಸಾರ್. ನಾರ್ಮಲ್” ಎಂದರು.

“ಸ್ವಲ್ಪಾನೂ ಇಲ್ವಾ?” ಎಂದೆ.

“ಏನು ಸ್ವಲ್ಪ?”

“ತೊಂದ್ರೆ.”

“ಇಲ್ಲ ಸಾರ್. ಕಾಲು ಚೆನ್ನಾಗಿದೆ.”

ನನಗೆ ಖುಷಿಯಾಗಬೇಕಿತ್ತು. ಆದರೆ ಛತ್ರದವರೆಗೂ ಹೋಗಿ ಮದುವೆ ನಿನ್ನೆಯೇ ಆಯಿತಂತೆ ಎಂದು ತಿಳಿದವನ ಹಾಗೆ ಆಯಿತು. ಕಾಲಿನ ಅಂಟು ಒರೆಸಿಕೊಳ್ಳುತ್ತಾ, ಬ್ಯೂಗಲ್ ರಾಕ್ ಬೆಂಚಿನಲ್ಲಿ ಈ ಒಂದು ಪಾಯಿಂಟ್ ಒಂದನ್ನು ಹೇಗೆ ಹೇಳಿದರೆ ಹೆಚ್ಚು ಶೋಭಿಸುತ್ತದೆ ಎಂದು ಯೋಚಿಸುತ್ತಿದ್ದೆ. ಆಗ ಆಕೆ, “ಅಮ್ಮನಿಗೆ ಬಿ.ಪಿ. ಇದೆಯಾ?” ಎಂದು ಕೇಳಿದರು.

ನಾನೇ ಉತ್ತರ ಹೇಳಿದೆ. “ಇದೆ. ಆದ್ರೆ ಅವ್ಳಿಗೇನೂ ಇಲ್ಲ ಬಿಡಿ. ದಿನಾ ವಾಕಿಂಗ್ ಬರ್ತಾಳೆ. ಸ್ವಲ್ಪ ನಿಧಾನ, ಅಷ್ಟೆ. ಹುಟ್ಟಾ ನಿಧಾನ.”

“ಮುಂದಿನವ್ರು ಇನ್ನೂ ಬಂದಿಲ್ಲ. ನೋಡ್ಬಿಡೋಣ, ಮಲ್ಕೊಳ್ಳಿ ಅಮ್ಮ” ಎಂದರು ಆಕೆ.

ಅವಳು ಬೇಡವೆಂದಳು. ಮನೆಯಲ್ಲಿ ಬೇಳೆ ನೆನೆಹಾಕಿದ್ದೇನೆ ಎಂದಳು. ಆಕೆ ಬಿಡಲಿಲ್ಲ. ಅವಳು ಮಲಗಿ, ಸೀರೆಯ ಅಂಚನ್ನು ಒಂದು ಗೇಣು ಮೇಲೆ ಸರಿಸಿದಾಗ, ಎಡಗಾಲಿನ ಎರಡನೆಯ ಬೆರಳಿಗೆ ಸುತ್ತಿದ್ದ ಬಟ್ಟೆಚೂರು ಕಾಣಿಸಿತು. ಕಾಲುಂಗುರದ ಕೆಳಗೆ.

“ಇದೇನಮ್ಮ?”

“ಕಾಲುಂಗುರ ಉಜ್ಜಿ ಗಾಯ ಆಗಿದೆ. ಅರಿಶಿನ ಹಚ್ತಿದೀನಿ.”

“ಎಷ್ಟು ದಿನ ಆಯ್ತು?”

“ದೀಪಾವಳಿ ಹಿಂದೆ ಮುಂದೆ.”

ದೀಪಾವಳಿ ಕಳೆದು ಎರಡೂವರೆ ತಿಂಗಳಾಗಿತ್ತು. ಎರಡೂವರೆ ತಿಂಗಳು ಅವಳು ನನ್ನ ಮುಂದೆಯೇ ಓಡಾಡಿದ್ದಳು, ನನಗೆ ಮಾತ್ರೆ ತಂದುಕೊಟ್ಟಿದ್ದಳು. ಆ ಬಟ್ಟೆಚೂರು ನಾನು ನೋಡಿರಲಿಲ್ಲ.

ಅವಳ ತೋಳಿನ ಒತ್ತಡ ಬಹಳ ಹೆಚ್ಚಿತ್ತು. ಆಮೇಲೆ ಆಕೆ ಎಡಪಾದಕ್ಕೆ ಅಂಟು ಹಚ್ಚಿ ಆ ಸಾಧನವನ್ನಿಟ್ಟರು. ಸದ್ದು ಬರಲಿಲ್ಲ. ಸ್ವಲ್ಪ ಆಚೆ ಸರಿಸಿದರು, ಈಚೆ ಸರಿಸಿದರು, ಮತ್ತೆ ಅಂಟು ಹಚ್ಚಿದರು. ಕೊನೆಗೆ ಎಲ್ಲೋ ಬಹಳ ದೂರದಿಂದ ಬಂದಂತೆ ಸಣ್ಣಗೆ ಉಸ್ ಉಸ್ ಎಂದಿತು. ಆಕೆ ಇನ್ನೊಮ್ಮೆ ಪಟ್ಟಿ ಸುತ್ತಿ ಮೊದಲಿನಿಂದ ನೋಡಿದರು. ನಾನು ತಮಾಷೆಗೆಂದು, “ನನ್ನಷ್ಟು ಬಂತಾ?” ಎಂದೆ. ಅವರು ಎದ್ದು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದರು.

ಎಡಗಾಲು ಸೊನ್ನೆ ಪಾಯಿಂಟ್ ಆರು. ಬಲಗಾಲು ಅದಕ್ಕಿಂತ ಸ್ವಲ್ಪ ಮೇಲು, ಆದರೆ ಅದೂ ಸರಿಯಿರಲಿಲ್ಲ. ಡಾಕ್ಟರು ನಮ್ಮನ್ನು ಇಪ್ಪತ್ತು ವರ್ಷದಿಂದ ನೋಡುತ್ತಿರುವವರು. ನನ್ನನ್ನು ಇಪ್ಪತ್ತು ವರ್ಷದಿಂದ ನೋಡುತ್ತಿರುವವರು ಎನ್ನುವುದು ಸರಿ. ಅವಳು ನನ್ನ ಜೊತೆಗೆ ಬಂದು ಕುರ್ಚಿಯಲ್ಲಿ ಕೂತು ಹೋಗುತ್ತಿದ್ದವಳು.

“ನಡೆಯುವಾಗ ಕಾಲು ನೋಯತ್ತಾ ಅಮ್ಮ?” ಎಂದು ಅವರು ಕೇಳಿದರು.

“ನೋವು ಅಂತಲ್ಲ. ಹಿಡ್ಕೊಳ್ಳತ್ತೆ. ನಿಂತ್ರೆ ಬಿಟ್ಹೋಗತ್ತೆ.”

“ಎಷ್ಟು ದೂರ ನಡೆದ್ರೆ ಹಿಡ್ಕೊಳ್ಳತ್ತೆ?”

ಅವಳು ನನ್ನ ಕಡೆ ನೋಡದೆ ಹೇಳತೊಡಗಿದಳು. “ಮನೆಯಿಂದ ಹೊರಟ್ರೆ ಹೂವಿನವಳ ತನಕ ಆಗತ್ತೆ. ಅಲ್ಲಿ ನಿಂತ್ಕೊಂಡು ಒಂದು ಮೊಳ ತಗೊಳ್ಳೋಷ್ಟರಲ್ಲಿ ಸರಿಹೋಗತ್ತೆ. ಆಮೇಲೆ ಗಣಪತಿ ಗುಡಿ. ಆಮೇಲೆ ಸೊಪ್ಪಿನ ಗಾಡಿ. ಸುಮ್ನೆ ನಿಂತ್ರೆ ನೋಡ್ದೋರು ಏನಂತಾರೆ, ಅದಕ್ಕೆ ಏನಾದ್ರೂ ತಗೊಳ್ತೀನಿ. ಈಗೀಗ ಬಳೆ ಅಂಗಡಿ ತನಕ ಹೋಗಕ್ಕಾಗಲ್ಲ, ಮಧ್ಯದಲ್ಲಿ ಒಂದು ಕರೆಂಟ್ ಕಂಬ ಇದೆ.”

ನಾನು ಎರಡು ವರ್ಷ ಬೆಂಚಿನಲ್ಲಿ ಕೂತು ನಗಿಸಿದ ಪಟ್ಟಿಯನ್ನೇ ಅವಳು ಒಂದೊಂದಾಗಿ ಡಾಕ್ಟರಿಗೆ ಒಪ್ಪಿಸುತ್ತಿದ್ದಳು. ಕಂಬ ಒಂದು ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ. ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಅವಳು ಕುರ್ಚಿಯಿಂದ ಏಳುವಾಗ ನನಗೆ ಕೊಟ್ಟಿದ್ದಳು. ಅದನ್ನು ಎಲ್ಲಿಡುವುದು ಎಂದು ಗೊತ್ತಾಗದೆ ಹಿಡಿದುಕೊಂಡೇ ನಿಂತಿದ್ದೆ.

ಡಾಕ್ಟರು ಬಿಡಿಸಿ ಹೇಳಿದರು. ಕಾಲಿಗೆ ರಕ್ತ ಸಾಕಾಗುತ್ತಿಲ್ಲ. ಕಾಲಿನ ನಾಳ ಹೀಗಿದ್ದರೆ ಹೃದಯದ್ದೂ ಮೆದುಳಿನದೂ ಹೀಗಿರಬಹುದು, ಆದ್ದರಿಂದ ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಬಾರದು, ಸೋಮವಾರವೂ ತಪ್ಪಬಾರದು. ರಕ್ತ ಹೆಪ್ಪುಗಟ್ಟದಿರಲು ಒಂದು, ಕೊಲೆಸ್ಟರಾಲಿಗೆ ಒಂದು, ಹೊಸ ಮಾತ್ರೆಗಳು. ರಕ್ತನಾಳದ ತಜ್ಞರಿಗೆ ಒಂದು ಚೀಟಿ. ಕೊನೆಗೆ ಬೆರಳಿನ ಬಟ್ಟೆ ಬಿಚ್ಚಿ, ಬಗ್ಗಿ, ಬಹಳ ಹೊತ್ತು ನೋಡಿದರು.

“ಇದು ಮಾಗ್ಬೇಕು” ಎಂದರು. “ಮಾಗ್ಲಿಲ್ಲ ಅಂದ್ರೆ ಬೆರಳು ಉಳ್ಸೋದು ಕಷ್ಟ ಆಗ್ಬಹುದು. ಮೊದ್ಲು ಆ ಕಾಲುಂಗುರ ತೆಗೀರಿ.”

ಅಷ್ಟು ಹೊತ್ತು ಎಲ್ಲದಕ್ಕೂ ಹೂಂ ಎಂದವಳು ಕಾಲನ್ನು ಒಳಗೆ ಎಳೆದುಕೊಂಡಳು. “ಅದು ಮಾತ್ರ ಆಗಲ್ಲ ಡಾಕ್ಟ್ರೇ” ಎಂದಳು.

ಮುತ್ತೈದೆ ಕಾಲುಂಗುರ ತೆಗೆಯುವುದು ಯಾವಾಗ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ನನ್ನ ಮುಖ ನೋಡಿದರು. ತೆಗೆದರೆ ಕೇಡಾಗಬೇಕಾದವನು ನಾನೇ ಆದ್ದರಿಂದ ನಾನೇ ಮಾತಾಡಬೇಕಿತ್ತು.

“ತೆಗಿಯೇ” ಎಂದೆ. “ನನಗೇನಾಗತ್ತೆ? ಈಗ್ತಾನೆ ಒಂದು ಪಾಯಿಂಟ್ ಒಂದು ಬಂದಿದೆ.”

ತಪಾಸಣೆ ಮಾಡಿದಾಕೆಯೂ ನಕ್ಕರು, ಡಾಕ್ಟರೂ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಆದರೆ ಆಯಿತು ಎಂದಳು.

ಬೆರಳು ಊದಿದ್ದರಿಂದ ಉಂಗುರ ಈಚೆ ಬರಲಿಲ್ಲ. ನಮ್ಮ ರಸ್ತೆಯ ಬೆಳ್ಳಿ ಕೆಲಸದವರ ಅಂಗಡಿಗೆ ಆಟೋದಲ್ಲಿ ಹೋದೆವು. ಅವರು ಸಣ್ಣ ಕತ್ತರಿಯಲ್ಲಿ ಕತ್ತರಿಸುವುದಾಗಿ ಹೇಳಿ, “ಕಾಲು ಅಲ್ಲಾಡ್ದಂಗೆ ಹಿಡ್ಕೊಳ್ಳಿ ಸ್ವಾಮಿ” ಎಂದರು. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮದುವೆಯ ದಿನ ಇದೇ ಕಾಲನ್ನು ಹಿಡಿದು ಕಾಲುಂಗುರ ತೊಡಿಸಿದ್ದೆ. ಆಮೇಲೆ ಮತ್ತೆ ಹಿಡಿದದ್ದು ಈ ಮೆಟ್ಟಿಲ ಮೇಲೆಯೇ. ಪಾದ ತಣ್ಣಗಿತ್ತು. ನನ್ನ ಪಾದದ ತಣುಪು ಇದರ ಮುಂದೆ ಏನೂ ಅಲ್ಲ. ಅವಳು ನೋವಾದರೂ ತುಟಿ ಕಚ್ಚಿಕೊಂಡು ರಸ್ತೆಯ ಕಡೆ ನೋಡುತ್ತಿದ್ದಳು. ನನಗೆ ಅಳು ಬಂತು. ಬೆಳ್ಳಿಯವರು ನೋಡಿಯಾರು ಎಂದು ಕೆಮ್ಮಿದೆ.

ಅವತ್ತಿನಿಂದ ವಾಕಿಂಗ್ ನಿಂತಿತು. ತಜ್ಞರು ಸ್ಕ್ಯಾನ್ ಮಾಡಿಸಿ ನೋಡಿ, ಕೆಲವು ವಾರ ಔಷಧಿ ಮತ್ತು ಡ್ರೆಸ್ಸಿಂಗ್‌ನಲ್ಲಿ ಮಾಗುತ್ತದೋ ನೋಡೋಣ, ಇಲ್ಲದಿದ್ದರೆ ತಂತಿ ಹಾಕಿ ನಾಳ ಬಿಡಿಸಬೇಕಾಗುತ್ತದೆ, ಅಲ್ಲಿಯವರೆಗೆ ಕಾಲಿಗೆ ಕೆಲಸ ಬೇಡ ಎಂದರು. ಡ್ರೆಸ್ಸಿಂಗ್ ಮಾಡುವುದನ್ನು ನಾನು ಕ್ಲಿನಿಕ್ಕಿನಲ್ಲಿ ಎರಡು ದಿನ ನೋಡಿ ಕಲಿತೆ. ಮೂರನೆಯ ದಿನ ಮನೆಯಲ್ಲಿ ಮಾಡಿದಾಗ ಬೆರಳಿನ ಜೊತೆ ನನ್ನ ಹೆಬ್ಬೆರಳನ್ನೂ ಸೇರಿಸಿ ಪ್ಲಾಸ್ಟರ್ ಹಾಕಿಬಿಟ್ಟೆ. ಅಡುಗೆಗೂ ಇಳಿದೆ. ನನ್ನ ಉಪ್ಪಿಟ್ಟು ತಿಂದ ಮೇಲೆ ಅವಳ ಬಿ.ಪಿ. ನೋಡಿದರೆ ಏರಿರುತ್ತಿತ್ತು. ಯಂತ್ರ ಈಗ ಮೊದಲು ಅವಳ ತೋಳಿಗೆ, ಆಮೇಲೆ ನನ್ನ ತೋಳಿಗೆ. ಎಷ್ಟೋ ದಿನ ನನ್ನದು ನೋಡಿಕೊಳ್ಳುವುದೇ ಮರೆತುಹೋಯಿತು, ಅದರಿಂದ ನನಗೇನೂ ಆಗಲಿಲ್ಲ.

ಆದರೆ ಹೆದರಿದ್ದೆ. ಇಷ್ಟು ಹೆದರಿದ್ದು ನನ್ನ ಆಯುಷ್ಯದಲ್ಲಿ ಇಲ್ಲ. ಬೆಳಿಗ್ಗೆ ಬಟ್ಟೆ ಬಿಚ್ಚುವಾಗ ಬೆರಳು ನಿನ್ನೆಗಿಂತ ಕಪ್ಪಾಗಿದೆಯೋ ಎಂದು ಕನ್ನಡಕ ಒರೆಸಿ ನೋಡುತ್ತಿದ್ದೆ, ಕಿಟಕಿಯ ಹತ್ತಿರ ಕೂರಿಸಿ ಬೆಳಕಲ್ಲಿ ನೋಡುತ್ತಿದ್ದೆ. “ಪ್ರೂಫ್ ನೋಡಿ ಆಯ್ತಾ?” ಎನ್ನುತ್ತಿದ್ದಳು. ಒಂದು ವಾರ ಗಾಯ ಕಿರಿದಾದಂತೆ ಕಂಡು, ಮುಂದಿನ ವಾರ ಮತ್ತೆ ಹಸಿಯಾಯಿತು. ಅವತ್ತು ದೇವರ ಗೂಡಿನ ಮುಂದೆ ಬಹಳ ಹೊತ್ತು ಕೂತೆ. ಏನು ಕೇಳಿಕೊಳ್ಳಬೇಕೆಂದು ತಿಳಿಯದೆ, ಬೆರಳು, ಬೆರಳು ಎಂದಷ್ಟೇ ಅಂದುಕೊಂಡೆ.

ಯುಗಾದಿಯ ಹಿಂದಿನ ದಿನ ತಜ್ಞರು ಬೆರಳನ್ನು ಒತ್ತಿ ನೋಡಿ, ಚರ್ಮ ಕೂಡಿಕೊಂಡಿದೆ ಎಂದರು. ಇನ್ನು ನಡೆಯಬಹುದು ಎಂದಲ್ಲ, ನಡೆಯಲೇಬೇಕು ಎಂದರು. ಅದೇ ಔಷಧಿಯಂತೆ. ಹಿಡಿದುಕೊಳ್ಳುವವರೆಗೆ ನಡೆಯಬೇಕು, ನೋವು ಜೋರಾದ ಮೇಲೆ ನಿಲ್ಲಬೇಕು, ಪೂರ್ತಿ ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ ತಿಂಗಳುಗಟ್ಟಲೆ ಮಾಡಿದರೆ ರಕ್ತ ಪಕ್ಕದ ಸಣ್ಣ ದಾರಿಗಳನ್ನು ಹಿಡಿದು ಹರಿಯುವುದನ್ನು ಕಲಿಯುತ್ತದಂತೆ, ನಡೆಯುವ ದೂರ ಹೆಚ್ಚುತ್ತದಂತೆ. “ಜೊತೆಗೆ ಒಬ್ರು ಇರ್ಲಿ” ಎಂದು ಅವರು ನನ್ನ ಕಡೆ ನೋಡಿ ಹೇಳಿದರು.

ಹಬ್ಬ ಕಳೆದ ಮೇಲೆ ಒಂದು ಸಂಜೆ ಐದೂವರೆಗೆ ಹೊರಟೆವು. ಪಕ್ಕದಲ್ಲಿ ನಡೆಯುವುದು ನನಗೆ ಬರುವುದಿಲ್ಲ ಎಂದು ಗೇಟು ದಾಟಿದ ಮೇಲೆ ಗೊತ್ತಾಯಿತು. ನಾಲ್ಕು ಹೆಜ್ಜೆಗೆ ನಾನು ಮುಂದಾಗಿಬಿಡುತ್ತಿದ್ದೆ. ನಿಂತು ಹಿಂದಕ್ಕೆ ಬಂದರೆ ಭುಜಕ್ಕೆ ಭುಜ ತಾಗುತ್ತಿತ್ತು. ಫುಟ್‌ಪಾತಿನ ಮೇಲೆ ನಿಲ್ಲಿಸಿದ ಸ್ಕೂಟರುಗಳ ಮಧ್ಯೆ ಇಬ್ಬರು ಒಟ್ಟಿಗೆ ಹಿಡಿಸುವುದೇ ಇಲ್ಲ. ಎದುರು ಮನೆಯವರು, “ಏನ್ ಸಾರ್, ಜೋಡಿಯಾಗಿ ಎಲ್ಲಿಗೆ?” ಎಂದು ಕೇಳಿದರು. ಅರವತ್ತಾರು ವರ್ಷದ ನಾನು ಕಿವಿಯವರೆಗೆ ಕೆಂಪಾದೆ. ಹೂವಿನವಳಿನ್ನೂ ಸ್ವಲ್ಪ ದೂರವಿರುವಾಗಲೇ ಅವಳು ನಿಂತಳು. ಹಲ್ಲು ಕಚ್ಚಿಕೊಂಡಿದ್ದಳು. ಅವಳು ಕಾಲು ಹಿಡಿದು ನಿಲ್ಲುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ನಾನೂ ನಿಂತೆ. ಏನೂ ಕೊಳ್ಳದೆ, ಯಾರನ್ನೂ ಮಾತಾಡಿಸದೆ, ರಸ್ತೆಯ ಬದಿಯಲ್ಲಿ ಸುಮ್ಮನೆ ಇಬ್ಬರೂ ನಿಂತೆವು. ತಿಂಗಳುಗಳಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ. “ಮುಂಚೇನೇ ಹೇಳಕ್ಕೆ ಏನಾಗಿತ್ತೇ ನಿನ್ಗೆ?” ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ನನ್ನದಲ್ಲದ ತಪ್ಪು ಎಲ್ಲಾದರೂ ಇದ್ದರೆ ಹಿಡಿಯೋಣ ಎಂಬ ಆಸೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೇಳಿದ್ರೆ, ಹಾಗಾದ್ರೆ ನೀನು ಮನೇಲಿರು, ನಾನು ಹೋಗ್ಬರ್ತೀನಿ ಅಂತಿದ್ರಿ” ಎಂದಳು. “ಮನೇಲಿ ನೀವು ಪೇಪರ್ ಹಿಂದೆ ಇರ್ತೀರ, ಇಲ್ಲಾ ಆ ಮಿಷನ್ ಮುಂದೆ ಇರ್ತೀರ. ರಸ್ತೇಲಾದ್ರೆ ತಿರುವಿನಲ್ಲಿ ನಿಂತು ನನಗೋಸ್ಕರ ಕಾಯ್ತಿದ್ರಿ. ಬೈಕೊಂಡೇ ಕಾಯ್ತಿದ್ರಿ. ಆದ್ರೂ ಕಾಯ್ತಿದ್ರಲ್ಲ.”

ಛೇ, ನಾನು ಹಾಗೆಲ್ಲ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಹಾಗೇ ಅನ್ನುತ್ತಿದ್ದೆ. ಅದೇ ಮಾತುಗಳಲ್ಲಿ, ಅವಳಿಗೆ ದೊಡ್ಡ ಉಪಕಾರ ಮಾಡುತ್ತಿರುವವನ ಮುಖ ಮಾಡಿಕೊಂಡು ಅನ್ನುತ್ತಿದ್ದೆ. ಅವಳ ನೋವು ಇಳಿಯುವವರೆಗೆ ಅಲ್ಲೇ ನಿಂತೆ.